ಡೆಬಿಯನ್‌ನ ಪ್ಯಾಕೇಜ್ ವ್ಯವಸ್ಥೆ: ಡಿಟಿಪಿ ಅಂಗಡಿಯೊಂದರ ದೀರ್ಘ ಬಳಕೆಯ ಅನುಭವ

ಗಂಗಾವತಿಯ ನಮ್ಮ ಡಿಟಿಪಿ ಅಂಗಡಿಯ ನಾಲ್ಕು ಕಂಪ್ಯೂಟರ್‌ಗಳಲ್ಲಿ 2019ರ ಕೊನೆಯಿಂದ ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಇದೆ. ಹತ್ತನೆಯ ಆವೃತ್ತಿಯಿಂದ ಹನ್ನೊಂದಕ್ಕೆ, ಅಲ್ಲಿಂದ ಹನ್ನೆರಡಕ್ಕೆ ಏರಿದ್ದೇವೆ. ಒಮ್ಮೆಯೂ ಡಿಸ್ಕ್ ಅಳಿಸಿ ಹೊಸದಾಗಿ ಹಾಕುವ ಪ್ರಸಂಗ ಬರಲಿಲ್ಲ. ಇದಕ್ಕೆ ಮುಖ್ಯ ಕಾರಣ, ಪ್ಯಾಕೇಜುಗಳನ್ನು (ಒಂದು ತಂತ್ರಾಂಶದ ಫೈಲುಗಳ ಕಟ್ಟುಗಳನ್ನು) ಹಾಕುವ ಮತ್ತು ತೆಗೆಯುವ ಡಿಪಿಕೆಜಿ ಎಂಬ ಪ್ರೋಗ್ರಾಮಿನ ಕಟ್ಟುನಿಟ್ಟು ಎಂಬುದು ನನ್ನ ದೃಢ ಅಭಿಪ್ರಾಯ. ಯಾವ ಫೈಲು ಯಾವ ಪ್ಯಾಕೇಜಿನದು ಎಂಬುದನ್ನು ಅದು ಪಹಣಿಯಂತೆ ಬರೆದಿಟ್ಟುಕೊಂಡಿರುತ್ತದೆ. ಒಬ್ಬರ ಹೆಸರಿನಲ್ಲಿರುವುದನ್ನು ಇನ್ನೊಬ್ಬರು ಆಕ್ರಮಿಸಲು ಬಂದರೆ ಕೆಲಸವನ್ನು ಅಲ್ಲಿಯೇ ನಿಲ್ಲಿಸುತ್ತದೆ.

ಆ ಕಟ್ಟುನಿಟ್ಟನ್ನು ಮೀರಿದ್ದರ ಫಲವನ್ನು ನಾನು ಒಮ್ಮೆ ಉಂಡಿದ್ದೇನೆ. ಹೊಸ ಪ್ರಿಂಟರಿನೊಂದಿಗೆ ಕಂಪನಿಯವರು ಕೊಟ್ಟ ಡ್ರೈವರ್ ಪ್ಯಾಕೇಜನ್ನು ಹಾಕಲು ಹೋದಾಗ, ಅದರಲ್ಲಿರುವ ಪಿಡಿಎಫ್‌ಟುಪಿಡಿಎಫ್ ಎಂಬ ಫೈಲು ಈಗಾಗಲೇ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯ ಫಿಲ್ಟರುಗಳ (ಫೈಲನ್ನು ಮುದ್ರಣಕ್ಕೆ ಸಿದ್ಧಗೊಳಿಸುವ ಪ್ರೋಗ್ರಾಮುಗಳ) ಪ್ಯಾಕೇಜಿಗೆ ಸೇರಿದೆ ಎಂದು ಡಿಪಿಕೆಜಿ ತಡೆಯಿತು. ಕಂಪನಿಯವರು ತಮ್ಮದೇ ಪ್ರತಿಯನ್ನು ತಮ್ಮ ಫೋಲ್ಡರಿನಲ್ಲಿ ಇಡದೆ, ವ್ಯವಸ್ಥೆಯ ಜಾಗದಲ್ಲಿಯೇ ತುಂಬಿದ್ದರು. ಫೋನಿನಲ್ಲಿ ವಿಚಾರಿಸಿದರೆ "ಫೋರ್ಸ್ ಓವರ್‌ರೈಟ್ ಕೊಡಿ ಸರ್, ಏನೂ ಆಗುವುದಿಲ್ಲ" ಎಂಬ ಉತ್ತರ ಬಂತು. ತಡೆಯನ್ನು ಲೆಕ್ಕಿಸದೆ ಇದ್ದ ಫೈಲಿನ ಮೇಲೆ ಹೊಸದನ್ನು ಬರೆಯುವ ಆ ಆಯ್ಕೆಯನ್ನು ಕೊಟ್ಟೆ, ಪ್ರಿಂಟರ್ ನಡೆಯಿತು. ಕೆಲವು ತಿಂಗಳ ನಂತರ ಆ ಪ್ರಿಂಟರನ್ನು ಮಾರಿ ಡ್ರೈವರನ್ನು ತೆಗೆದಾಗ, ಅದರ ಜೊತೆಗೆ ಆ ಫೈಲೂ ಹೋಯಿತು. ಮರುದಿನ ಬೆಳಗಿನ ಬಸ್ಸಿಗೆ ಕಾರಟಗಿಗೆ ಲಗ್ನಪತ್ರಿಕೆ ಒಯ್ಯಬೇಕಿದ್ದ ಗಿರಾಕಿ ಎದುರಿಗೆ ಕುಳಿತಿದ್ದರು. ಉಳಿದ ಪ್ರಿಂಟರುಗಳಲ್ಲಿಯೂ ಪ್ರತಿ ಪಿಡಿಎಫ್ "ಫಿಲ್ಟರ್ ಫೇಲ್ಡ್" ಎಂದು ನಿಲ್ಲುತ್ತಿತ್ತು. ಕಪ್ಸ್ ಫಿಲ್ಟರುಗಳ ಪ್ಯಾಕೇಜನ್ನು ಮರುಸ್ಥಾಪಿಸಿದ ಮೇಲೆ ಎರಡು ನಿಮಿಷದಲ್ಲಿ ಸರಿಹೋಯಿತಾದರೂ, ಕಾರಣ ಹುಡುಕುವಷ್ಟರಲ್ಲಿ ರಾತ್ರಿ ಹತ್ತೂವರೆಯಾಗಿತ್ತು.

ಡೆಬಿಯನ್‌ನ ಸ್ವಂತ ಪ್ಯಾಕೇಜುಗಳಲ್ಲಿ ಒಂದು ಫೈಲು ಒಂದರಿಂದ ಇನ್ನೊಂದಕ್ಕೆ ಸಾಗಬೇಕಾದಾಗ, ಹೊಸ ಪ್ಯಾಕೇಜು "ಬ್ರೇಕ್ಸ್" ಮತ್ತು "ರಿಪ್ಲೇಸಸ್" ಎಂಬ ಎರಡು ಸಾಲುಗಳಲ್ಲಿ ಹಳೆಯದರ ಯಾವ ಆವೃತ್ತಿಯವರೆಗೆ ಈ ಮಾತು ಅನ್ವಯಿಸುತ್ತದೆ ಎಂದು ಘೋಷಿಸುತ್ತದೆ. ಬೇರೆ ಬೇರೆ ಕೆಲಸದ ಎರಡು ಪ್ರೋಗ್ರಾಮುಗಳು ಒಂದೇ ಹೆಸರು ಹೊಂದುವಂತಿಲ್ಲ. ಫೈಲು ಹುಡುಕುವ ಎಫ್‌ಡಿ ಡೆಬಿಯನ್‌ನಲ್ಲಿ ಎಫ್‌ಡಿಫೈಂಡ್ ಆಗಿರುವುದು, ಆ ಹೆಸರು ಮೊದಲೇ ಎಫ್‌ಡಿಕ್ಲೋನ್ ಎಂಬ ಫೈಲ್ ಮ್ಯಾನೇಜರಿನ ಪಾಲಾಗಿದ್ದರಿಂದ. ಆರಂಭದಲ್ಲಿ ಕಿರಿಕಿರಿಯೆನಿಸಿದರೂ, ಈಗ ನನಗೆ ಇದೇ ನ್ಯಾಯವೆನಿಸುತ್ತದೆ.

ಆದರೆ ಪ್ರೋಗ್ರಾಮಿನ ಹೊಟ್ಟೆಯೊಳಗೆ ಅಡಗಿರುವ ಲೈಬ್ರರಿಗಳು (ಹಲವು ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡು) ಈ ಪಹಣಿಯಲ್ಲಿ ಕಾಣುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಚಿತ್ರಗಳನ್ನು ತೆರೆಯುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಗಂಭೀರ ಭದ್ರತಾ ದೋಷ ಹೊರಬಿದ್ದಾಗ ಇದು ನನಗೆ ಸ್ಪಷ್ಟವಾಯಿತು. ಆ ಲೈಬ್ರರಿಯನ್ನು ಹಂಚಿಕೊಂಡು ಬಳಸುವ ಪ್ರೋಗ್ರಾಮುಗಳೆಲ್ಲ ಒಂದೇ ಪ್ಯಾಕೇಜಿನ ಅಪ್‌ಡೇಟಿನಿಂದ ಸುರಕ್ಷಿತವಾದವು. ತನ್ನದೇ ಪ್ರತಿಯನ್ನು ಒಳಗಿಟ್ಟುಕೊಂಡಿದ್ದ ಫೈರ್‌ಫಾಕ್ಸ್‌ಗೆ ಪ್ರತ್ಯೇಕ ಅಪ್‌ಡೇಟ್ ಬೇಕಾಯಿತು. ಹೊರಗಿನಿಂದ ತಂದು ಹಾಕಿದ್ದ ಒಂದು ವಿನ್ಯಾಸ ತಂತ್ರಾಂಶವೂ ತನ್ನದೇ ಪ್ರತಿಯನ್ನು ಹೊತ್ತಿತ್ತು, ಅದರ ತಯಾರಕರು ಹೊಸ ಆವೃತ್ತಿ ಕೊಡುವವರೆಗೆ ಎರಡು ಯಂತ್ರಗಳಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಇಂತಹ ಅಡಕ ಪ್ರತಿಗಳನ್ನು ಆದಷ್ಟು ಬಳಸಬಾರದೆಂಬ ಡೆಬಿಯನ್‌ನ ನೀತಿಯನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಹೊಸ ಆವೃತ್ತಿಗಳು ತಡವಾಗಿ ಸಿಗುವುದು.

ಈಗ ಅಂಗಡಿಯಲ್ಲಿ ಹೊರಗಿನ ಯಾವುದೇ ಪ್ಯಾಕೇಜನ್ನು ಹಾಕುವ ಮೊದಲು ಅದರೊಳಗಿನ ಫೈಲುಗಳ ಪಟ್ಟಿಯನ್ನು ತೆರೆದು ಓದುತ್ತೇವೆ. ಮುಂದಿನ ಪ್ರಿಂಟರನ್ನು ಕೊಳ್ಳುವಾಗ, ಡ್ರೈವರ್ ಇಲ್ಲದೆ ಐಪಿಪಿ ಎಂಬ ಸಾಮಾನ್ಯ ಮುದ್ರಣ ಪ್ರೋಟೋಕಾಲ್ ಮೂಲಕ ನಡೆಯುತ್ತದೆಯೇ ಎಂದೇ ಮೊದಲು ಕೇಳಿದೆ.