ಲೆನ್ವಾಟಿನಿಬ್ ಕ್ಯಾಪ್ಸೂಲ್: ಅಮ್ಮನ ಎಂಟು ತಿಂಗಳು

ಲೆನ್ವಾಟಿನಿಬ್ ಅನ್ನುವ ಈ ಕ್ಯಾನ್ಸರ್ ಔಷಧಿ ಶುರು ಮಾಡುವ ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ, ಕ್ಯಾಪ್ಸೂಲ್ ತರಲು ಹೋದ ದಿನವೇ ಒಂದು ಬಿಪಿ ಮಷಿನ್ ಕೂಡ ತನ್ನಿ.

ಅಮ್ಮನ ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಆಪರೇಷನ್ ಆಗಿತ್ತು, ರೇಡಿಯೋ ಅಯೋಡಿನ್ (ಗಡ್ಡೆಯೊಳಗೆ ಸೇರಿ ವಿಕಿರಣದಿಂದ ಅದನ್ನು ಸಾಯಿಸುವ ಅಯೋಡಿನ್) ಕೂಡ ಕೊಟ್ಟಾಗಿತ್ತು, ಆದರೆ ಗಡ್ಡೆಗಳು ಅಯೋಡಿನ್ ಹೀರುವುದನ್ನೇ ಬಿಟ್ಟಿದ್ದವು. ಆಗ ಬರೆದುಕೊಟ್ಟಿದ್ದು ಲೆನ್ವಾಟಿನಿಬ್. ದಿನಕ್ಕೆ 24 ಮಿಲಿಗ್ರಾಂ, ಅಂದರೆ 10ರದ್ದು ಎರಡು, 4ರದ್ದು ಒಂದು.

ಬಿಪಿ ವಿಷಯ ನಮಗೆ ಯಾರೂ ಒತ್ತಿ ಹೇಳಲಿಲ್ಲ. ಹತ್ತನೇ ದಿನ ಅಮ್ಮ ತಲೆ ಹಿಡಿದುಕೊಂಡು ಅಡುಗೆಮನೆ ಕಟ್ಟೆಗೆ ಒರಗಿ ನಿಂತಿದ್ದಳು. ಪಕ್ಕದ ಮನೆಯಿಂದ ಮಷಿನ್ ತಂದು ನೋಡಿದರೆ 180/100! ಅಲ್ಲಿಯವರೆಗೆ ಅವಳಿಗೆ ಬಿಪಿಯೇ ಇರಲಿಲ್ಲ. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧಿ ಇದು, ಅದು ರಕ್ತನಾಳಗಳ ಮೇಲೆ ಕೆಲಸ ಮಾಡುವುದರಿಂದಲೇ ಬಿಪಿಯೂ ಏರುತ್ತದೆ ಅಂತ ಆಮೇಲೆ ಗೊತ್ತಾಯಿತು.

ಆಮೇಲೆ ಅಂಗಾಲು ಕೆಂಪಾಗಿ ಸಿಪ್ಪೆ ಎದ್ದಿತು, ಚಪ್ಪಲಿ ಹಾಕಿದರೂ ಉರಿ. ಭೇದಿ ಬೇರೆ. ಮೊಸರನ್ನ ಬಿಟ್ಟು ಏನೂ ಸೇರುತ್ತಿರಲಿಲ್ಲ. ಡಾಕ್ಟರು ನಾಲ್ಕು ದಿನ ನಿಲ್ಲಿಸಿ, ಮೊದಲು 20ಕ್ಕೆ, ಆಮೇಲೆ 14ಕ್ಕೆ ಇಳಿಸಿದರು. ಡೋಸ್ ಕಮ್ಮಿ ಮಾಡಿದರೆ ಕಾಯಿಲೆ ಜಾಸ್ತಿಯಾಗುತ್ತದೆ ಅಂತ ಅಮ್ಮ ಅತ್ತುಬಿಟ್ಟಳು. 392 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲೂ ಇದನ್ನು ತಗೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಡೋಸ್ ಇಳಿಸಬೇಕಾಗಿತ್ತು ಅಂತ ಡಾಕ್ಟರು ಕೂರಿಸಿಕೊಂಡು ಹೇಳಿದ ಮೇಲೇ ಅವಳಿಗೆ ಸಮಾಧಾನ. 2015ರಲ್ಲಿ ಬಂದ ಆ ಫಲಿತಾಂಶದಲ್ಲಿ, ಕಾಯಿಲೆ ಮುಂದುವರಿಯದೆ ನಿಂತ ಮಧ್ಯಮ ಅವಧಿ (ಅರ್ಧ ಜನಕ್ಕೆ ಇದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಮ್ಮಿ) 18.3 ತಿಂಗಳು, ಸುಮ್ನೆ ಔಷಧಿಯಿಲ್ಲದ ಕ್ಯಾಪ್ಸೂಲ್ ತಗೊಂಡವರಲ್ಲಿ ಬರೀ 3.6. ನಿಜಕ್ಕೂ ದೊಡ್ಡ ವ್ಯತ್ಯಾಸ ಅಲ್ವಾ? ಆದರೆ ಇದು ಕಾಯಿಲೆಯನ್ನು ಹಿಡಿದು ನಿಲ್ಲಿಸುವ ಔಷಧಿ, ಬೇರುಸಹಿತ ಕೀಳುವುದಲ್ಲ, ಅದನ್ನು ಮನೆಯವರೆಲ್ಲ ಮೊದಲೇ ತಿಳಿದಿರಬೇಕು.

ಅಮ್ಮನಿಗೆ ಕೆಲಸ ಮಾಡಿದೆ. ಎರಡನೇ ತಿಂಗಳ ಸ್ಕ್ಯಾನಿನಲ್ಲೇ ಗಡ್ಡೆಗಳು ಕುಗ್ಗಿದ್ದವು, ರಾತ್ರಿಯಿಡೀ ಕಾಡುತ್ತಿದ್ದ ಕೆಮ್ಮು ನಿಂತಿತು. ಈಗ ಬೆಳಿಗ್ಗೆ ತಾನೇ ಪಟ್ಟಿ ಸುತ್ತಿಕೊಂಡು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬಿಪಿ ಬರೆದಿಡುತ್ತಾಳೆ.

ಇನ್ನೊಂದು ವಿಷಯ, ಹಲ್ಲು ಕೀಳಿಸುವುದೋ ಸಣ್ಣ ಆಪರೇಷನ್ನೋ ಇದ್ದರೆ ಮೊದಲೇ ಕ್ಯಾನ್ಸರ್ ಡಾಕ್ಟರಿಗೆ ಹೇಳಿ. ಈ ಔಷಧಿ ತಗೊಳ್ಳುವಾಗ ಗಾಯ ಬೇಗ ಮಾಯುವುದಿಲ್ಲ.