ಮಿಡಿ ಉಪ್ಪಿನಕಾಯಿಗೆ ಜಾಡಿಯೇ ಬೇಕಾ? ನಾಲ್ಕು ಪಾತ್ರೆಯಲ್ಲಿ ಇಟ್ಟು ನೋಡಿದೆ

ನಮ್ಮ ಸಾಗರದ ಕಡೆ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಯನ್ನು ಒಂದೇ ವರ್ಷಕ್ಕೆ ಅಂತ ಹಾಕುವುದಿಲ್ಲ. ಎರಡು ವರ್ಷ ಕೂತ ಮಿಡಿಗೇ ಮನೆಯಲ್ಲಿ ಬೇಡಿಕೆ ಜಾಸ್ತಿ. ಬೆಂಗಳೂರಿನ ಬಾಡಿಗೆ ಮನೆಗೆ ಬಂದ ಮೇಲೆ ನಾನೂ ಹಾಗೇ ಇಡಬೇಕು ಅಂದುಕೊಂಡೆ. ಯಾವುದರಲ್ಲಿ ಇಡುವುದು ಅನ್ನುವುದೇ ಪ್ರಶ್ನೆಯಾಯಿತು. ದೊಡ್ಡಮ್ಮನಿಗೆ ಫೋನ್ ಮಾಡಿದರೆ, "ಬೇರೆದ್ರಲ್ಲಿ ಹಾಕಡ ಕೂಸೆ, ಜಾಡೀನೇ ಚೊಲೋ" ಅಂದರು.

2023ರ ಮಾರ್ಚ್‌ನಲ್ಲಿ ಊರಿಂದ 4 ಕೆಜಿ ಜೀರಿಗೆ ಮಿಡಿ, ಅಂದರೆ ಜೀರಿಗೆ ಪರಿಮಳ ಇರುವ ಅಪ್ಪೆಮಿಡಿ, ತಂದೆ. ತೊಟ್ಟು ಸ್ವಲ್ಪ ಉಳಿಸಿಕೊಂಡು ಕಿತ್ತ ಕಾಯಿ. ಅದರ ಸೊನೆಯಲ್ಲೇ ಪರಿಮಳ ಇರುವುದು. 1 ಕೆಜಿ ಕಲ್ಲುಪ್ಪಿನಲ್ಲಿ ಹಾಕಿಟ್ಟೆ. ಮೂರು ವಾರದಲ್ಲಿ ಮಿಡಿ ಸುಕ್ಕುಗಟ್ಟಿತು. ಬಿಟ್ಟ ನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ರುಬ್ಬಿ ಕಲಸಿದೆ. ಆಮೇಲೆ ತೂಕ ಮಾಡಿ ನಾಲ್ಕು ಪಾಲು ಮಾಡಿದೆ. ಎರಡು ಲೀಟರಿನ ಪಿಂಗಾಣಿ ಜಾಡಿ, ಗಾಜಿನ ಬಾಟಲಿ, ಪ್ಲಾಸ್ಟಿಕ್ ಡಬ್ಬ, ಸ್ಟೀಲ್ ಡಬ್ಬ. ಮಸಾಲೆ ಒಂದೇ, ಹಾಕಿದ ದಿನ ಒಂದೇ.

ಸ್ಟೀಲ್ ಮೊದಲು ಸೋತಿತು. ಎಂಟನೇ ತಿಂಗಳಿಗೆ ರಸ ನಿಂತ ಮಟ್ಟದಲ್ಲಿ ಸೂಜಿ ಮೊನೆಯಷ್ಟು ಕಪ್ಪು ಚುಕ್ಕಿಗಳು ಕಂಡವು. ಉಜ್ಜಿದರೂ ಹೋಗಲಿಲ್ಲ. ಸ್ಟೀಲಿನ ಮೇಲೆ ಒಂದು ತೆಳು ಪದರ ಇರುತ್ತದೆ, ಅದೇ ತುಕ್ಕು ತಡೆಯುವುದು. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಜೊತೆಗೆ ಮಾವಿನ ಹುಳಿ ಬೇರೆ. ಅದೇ ದಿನ ಡಬ್ಬ ಖಾಲಿ ಮಾಡಿದೆ. ಉಪ್ಪಿನಕಾಯಿಗೆ ಸ್ಟೀಲ್ ಬೇಡವೇ ಬೇಡ.

ಪ್ಲಾಸ್ಟಿಕ್ ಡಬ್ಬ ಆರು ತಿಂಗಳವರೆಗೂ ಚೆನ್ನಾಗಿತ್ತು. ಹಗುರ, ಒಡೆಯುವ ಭಯ ಇಲ್ಲ, ಬಸ್ಸಿನಲ್ಲಿ ತೆಗೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ವರ್ಷ ಕಳೆದು ಮುಚ್ಚಳ ತೆಗೆದಾಗ ಖಾರದ ವಾಸನೆ ಬಂತು, ಜೀರಿಗೆ ಪರಿಮಳ ಬರಲಿಲ್ಲ. ಬಣ್ಣವೂ ಬೇರೆಯವಕ್ಕಿಂತ ಕಪ್ಪಾಗಿತ್ತು. ಪ್ಲಾಸ್ಟಿಕ್ ಮೂಲಕ ಗಾಳಿ ನಿಧಾನವಾಗಿ ಒಳಗೆ ಹೋಗುತ್ತಲೇ ಇರುತ್ತದೆ. ಪರಿಮಳವನ್ನು ಡಬ್ಬವೇ ಹೀರಿಕೊಂಡಿತ್ತು. ಎಷ್ಟು ತೊಳೆದರೂ ಬಿಡದೆ, ಕೊನೆಗೆ ಸಕ್ಕರೆ ತುಂಬಿಡಲೂ ಅದು ಆಗಲಿಲ್ಲ. ಎರಡು ಮೂರು ತಿಂಗಳಲ್ಲಿ ಮುಗಿಸುವುದಾದರೆ ಸರಿ, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಜಾಡಿ. ನನ್ನ ಮನಸ್ಸು ಮೊದಲಿಂದಲೂ ಜಾಡಿ ಕಡೆಗೇ ಇತ್ತು. ಕಂದು-ಬಿಳಿ ಬಣ್ಣದ, ಕುತ್ತಿಗೆ ಸಣ್ಣದಾದ ಆ ಪಾತ್ರೆ ನೋಡಿದರೇ ಊರಿನ ಅಟ್ಟ ನೆನಪಾಗುತ್ತದೆ. ಇಂಗಿನ ಹೊಗೆ ಹಾಕಿ, ಮಿಡಿ ತುಂಬಿ, ಬಿಳಿ ಬಟ್ಟೆ ಕಟ್ಟಿ ಮುಚ್ಚಿಟ್ಟೆ. ಒಂದು ವರ್ಷಕ್ಕೆ ನೋಡಿದರೆ ರಸ ಒಂದು ಇಂಚು ಇಳಿದಿತ್ತು! ಮೇಲಿನ ಮಿಡಿಗಳು ರಸ ಬಿಟ್ಟು ತಲೆ ಎತ್ತಿದ್ದವು, ಅವುಗಳ ಮೇಲೆ ಬಿಳಿ ಪದರ ಕಟ್ಟಿತ್ತು. ತುಂಬಾ ಬೇಜಾರಾಯಿತು. ಅಡಿಯಲ್ಲಿದ್ದವು ಮಾತ್ರ ಗಟ್ಟಿಯಾಗಿ, ಘಮ್ಮೆನ್ನುತ್ತಿದ್ದವು.

ದೊಡ್ಡಮ್ಮನ ಜಾಡಿಯಲ್ಲಿ ಹೀಗೆ ಆಗುವುದಿಲ್ಲವಲ್ಲ, ಯಾಕೆ? ರಜೆಗೆ ಹೋದಾಗ ಅಟ್ಟ ಹತ್ತಿ ನೋಡಿದೆ. ಅವರದು ಇಪ್ಪತ್ತು ಲೀಟರ್ ಹಿಡಿಯುವ ಜಾಡಿ. ಹೊಟ್ಟೆ ಅಷ್ಟು ದೊಡ್ಡದು, ಬಾಯಿ ನನ್ನ ಜಾಡಿಯದಕ್ಕಿಂತ ಸ್ವಲ್ಪವೇ ಅಗಲ. ಅಷ್ಟು ರಸಕ್ಕೆ ಗಾಳಿ ತಗಲುವುದು ಆ ಅಂಗೈಯಗಲದ ಜಾಗದಲ್ಲಿ ಮಾತ್ರ. ಮೇಲೆ ಮಿಡಿ ತೇಲದ ಹಾಗೆ ಪಿಂಗಾಣಿ ತಟ್ಟೆ, ಅದರ ಮೇಲೆ ತೊಳೆದ ಬೆಣಚುಕಲ್ಲು. ನನ್ನ ಎರಡು ಲೀಟರಿನ ಜಾಡಿಯಲ್ಲಿ ಇದ್ದ ರಸವೇ ಕಡಿಮೆ, ಬಾಯಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಅಗಲ. ಮುಚ್ಚಳ ಸುಮ್ನೆ ಕೂತಿರುತ್ತದೆ, ಬಿಗಿಯಾಗುವುದಿಲ್ಲ. ಹಾಗಾಗಿ ಚಿಕ್ಕ ಜಾಡಿ ದೊಡ್ಡ ಜಾಡಿಯ ಕೆಲಸ ಮಾಡುವುದಿಲ್ಲ. ಇದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಹಳೆಯ ಜಾಡಿ ಕೊಳ್ಳುವವರು ಒಂದು ಕೆಲಸ ಮಾಡಿ. ಉಪ್ಪುನೀರು ತುಂಬಿ ನಾಲ್ಕು ದಿನ ಇಡಿ. ಹೊರಗೆ ಎಲ್ಲಾದರೂ ಉಪ್ಪು ಬೆಳ್ಳಗೆ ಅರಳಿದರೆ ಅಲ್ಲಿ ಬಿರುಕು ಇದೆ ಅಂತ ಅರ್ಥ. ಒಳಗೂ ಬಣ್ಣದ ಚಿತ್ತಾರ ಇರುವ ಜಾಡಿಗೆ ಹುಳಿ ಪದಾರ್ಥ ಹಾಕಲೇಬೇಡಿ. ಕೆಲವು ಮೆರುಗು, ಬಣ್ಣಗಳಲ್ಲಿ ಸೀಸ ಇರುತ್ತದೆ, ಹುಳಿ ಅದನ್ನು ಎಳೆದುಕೊಳ್ಳುತ್ತದೆ.

ಗಾಜಿನ ಬಾಟಲಿಯ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ. ಶುರುವಿನಲ್ಲಿ ತೊಂದರೆಯನ್ನೂ ಕೊಟ್ಟಿತು. ತಗಡಿನ ಮುಚ್ಚಳ ಐದೇ ತಿಂಗಳಿಗೆ ಒಳಗಿಂದ ತುಕ್ಕು ಹಿಡಿಯಿತು. ತೆಗೆದು ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಕಿಟಕಿ ಬಿಸಿಲು ಬೀಳುವ ಕಡೆ ಬಣ್ಣ ಮಾಸಿತು ಅಂತ ಬೀರುವಿನೊಳಗೆ ಕತ್ತಲಲ್ಲಿ ಇಟ್ಟೆ. ಆಮೇಲೆ ಏನೂ ತಕರಾರಿಲ್ಲ. ರಸ ಇಳಿದಿದೆಯಾ ಅಂತ ಮುಚ್ಚಳ ತೆಗೆಯದೆಯೇ ನೋಡಬಹುದು. ಈ ಒಂದು ಅನುಕೂಲ ಬೇರೆ ಮೂರರಲ್ಲಿ ಇಲ್ಲ, ಅಲ್ವಾ? 2025ರ ಏಪ್ರಿಲ್‌ನಲ್ಲಿ ತೆಗೆದಾಗ ಮೇಲಿನ ಮಿಡಿಯೂ ಕಚ್ಚಿದರೆ ಕರಕ್ ಅನ್ನುವಷ್ಟು ಗಟ್ಟಿ. ಮೊಸರನ್ನಕ್ಕೆ ಹಾಕಿಕೊಂಡಾಗ ಜೀರಿಗೆ ಪರಿಮಳ ಹಾಗೇ ಇತ್ತು.

ಒಂದು ವಿಷಯ ಮಾತ್ರ ಮರೆಯಬೇಡಿ. ಬಾಟಲಿಯಿಂದ ಮಿಡಿ ತೆಗೆದ ಹಾಗೆ ಮೇಲೆ ಗಾಳಿ ತುಂಬುತ್ತದೆ. ಅರ್ಧ ಖಾಲಿಯಾದ ದೊಡ್ಡ ಬಾಟಲಿ ಬೇಗ ಕೆಡುತ್ತದೆ. ಅದಕ್ಕೆ ಈ ಸಲದ ಮಿಡಿಯನ್ನು ಅರ್ಧ ಲೀಟರಿನ ಬಾಟಲಿಗಳಲ್ಲಿ ಕುತ್ತಿಗೆವರೆಗೂ ತುಂಬಿದ್ದೇನೆ. ಒಂದು ಮುಗಿಯುವ ತನಕ ಇನ್ನೊಂದನ್ನು ತೆಗೆಯುವುದಿಲ್ಲ. ಮುಚ್ಚಳದ ಮೇಲೆ ತಿಂಗಳು, ವರ್ಷ ಬರೆದ ಚೀಟಿ ಇದೆ. ಎರಡು ಲೀಟರಿನ ಜಾಡಿಯಲ್ಲಿ ಈಗ ಕಲ್ಲುಪ್ಪು ಇದೆ.