ಒತ್ತಡ ತೋರಿಸುವ ಬಣ್ಣ: ಬಳಸಿ ನೋಡಿದ ಮೇಲೆ

ಗಾಳಿ ಸುರಂಗದಲ್ಲಿ (ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಕೊಳವೆ) ಒತ್ತಡ ಅಳೆಯಲು ವಿಮಾನದ ರೆಕ್ಕೆಯ ಮಾದರಿಗೆ ರಂಧ್ರ ಕೊರೆದು, ಒಂದೊಂದಕ್ಕೂ ನಳಿಕೆ ಜೋಡಿಸಿ ಬೇಸತ್ತು ಈ ಬಣ್ಣವನ್ನು ತರಿಸಿದೆ. ನೀಲಿ ಬೆಳಕು ಬಿದ್ದರೆ ಕೆಂಪಗೆ ಹೊಳೆಯುತ್ತದೆ. ಗಾಳಿಯ ಒತ್ತಡ ಹೆಚ್ಚಿದಲ್ಲಿ ಆಮ್ಲಜನಕವೂ ಹೆಚ್ಚುವುದರಿಂದ ಹೊಳಪು ಮಂಕಾಗುತ್ತದೆ. ಸುರಂಗದ ಗಾಳಿ ಶಬ್ದದ ವೇಗವನ್ನು ಸಮೀಪಿಸಿದಾಗ ಆಘಾತ ತರಂಗ (ಗಾಳಿಯ ಒತ್ತಡ ಥಟ್ಟನೆ ಏರುವ ಜಾಗ) ರೆಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಂತೆ ಕಂಡಿತು. ಆ ಒಂದು ಚಿತ್ರಕ್ಕೇ ಕೊಟ್ಟ ಹಣ ಸಂದಿತು.

ನಿಧಾನ ಗಾಳಿಯಲ್ಲಿ ಮಾತ್ರ ನೆಚ್ಚಿಕೊಳ್ಳಬೇಡಿ. ಸೆಕೆಂಡಿಗೆ 30 ಮೀಟರ್ ವೇಗದ ಗಾಳಿಯ ಚಲನ ಒತ್ತಡ (ಚಲನೆಯಿಂದ ಬರುವ ಒತ್ತಡ) ವಾತಾವರಣದ ಒತ್ತಡದ ಶೇ 1ರಷ್ಟೂ ಇರುವುದಿಲ್ಲ; ಹಾಗಾಗಿ ಹೊಳಪಿನ ವ್ಯತ್ಯಾಸವೂ ತೀರಾ ಕಡಿಮೆ. ಮಾದರಿ ತುಸು ಬಿಸಿಯಾದರೂ ಲೆಕ್ಕ ಕೆಡುತ್ತದೆ. ಕೈಪಿಡಿಯಲ್ಲಿ ಇದಕ್ಕೆ ಒಂದೇ ಸಾಲು! ಗಾಳಿಯ ಹೊರೆಗೆ ರೆಕ್ಕೆ ಬಾಗುವುದರಿಂದ, ಒತ್ತಡ ತಿಳಿಯಲು ಹೋಲಿಸಬೇಕಾದ ಗಾಳಿ ಇಲ್ಲದಾಗಿನ ಚಿತ್ರಕ್ಕೂ ಇರುವಾಗಿನ ಚಿತ್ರಕ್ಕೂ ತಾಳೆಯಾಗಲಿಲ್ಲ. ಕಪ್ಪು ಚುಕ್ಕೆಗಳನ್ನಿಟ್ಟು ಎರಡು ಕ್ಯಾಮೆರಾಗಳಿಂದ ಬಾಗನ್ನು ಅಳೆದೆ. ಒಣಗುವ ಮುನ್ನ ತಗುಲಿದ ನನ್ನ ಹೆಬ್ಬೆರಳಿನ ಗುರುತು ಈಗಲೂ ಪ್ರತಿ ಚಿತ್ರದಲ್ಲೂ ಇದೆ.